ಜನರಲ್ ಸಾಹೇಬರ ‘ಬಿಡ್ರಿ’

ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿಯಬೇಕಾಗಿದ್ದ ಮಹಾರುದ್ರಪ್ಪ 1958ರಲ್ಲಿ ಫೌಜಿಗೆ ಸೇರಿ ಸಣ್ಣ ವಿಮಾನ ಹಾರಿಸಲು ಕಲಿತ. ಆ ವಿಮಾನದಲ್ಲಿ ಒಂದು ಬಂದೂಕೂ ಇರಲಿಲ್ಲ. ವೈರಿಯ ನೆತ್ತಿಯ ಮೇಲೆ ಸುತ್ತುತ್ತ, ಗುಂಡು ಎಲ್ಲಿ ಬೀಳಬೇಕೆಂದು ನಮ್ಮ ತೋಪಿನವರಿಗೆ ರೇಡಿಯೋದಲ್ಲಿ ಹೇಳುವುದಷ್ಟೇ ಕೆಲಸ.

1971ರ ಯುದ್ಧದಲ್ಲಿ ತೋಪುಗಳ ಪಕ್ಕ ರೇಡಿಯೋ ಹಿಡಿದು ಕೂತವನು ಕೊಡಂಬಲದ ಕೂಲಿಯವರ ಮಗ ಮಚ್ಚೇಂದ್ರ. ಹಿಂದಿ, ಉರ್ದು ಆಡಿದರೆ ವೈರಿಗೂ ತಿಳಿಯುತ್ತದೆಂದು ಇಬ್ಬರೂ ಊರ ಮಾತಿಗೇ ಇಳಿದಿದ್ದರು.

“ಇನ್ನ ನೂರ ಗಜ ಮುಂದ. ಬಿಡ್ರಿ!”

“ಬಿಟ್ಟೇವ್ರಿ ಸಾಹೇಬ್ರ!”

ಮಧ್ಯಾಹ್ನದೊಳಗೆ ವೈರಿಯ ಏಳು ಟ್ಯಾಂಕು ಹೊತ್ತಿ ಉರಿದವು. ಒಳಗಿದ್ದವರು ಮೈಗೆ ಬೆಂಕಿ ಹತ್ತಿಸಿಕೊಂಡೇ ಹೊರಬಿದ್ದು ಗೋಧಿ ಹೊಲದಲ್ಲಿ ಹೊರಳಾಡಿದರು. ವಿಮಾನದ ತಳ ಸೀಳಿಬಂದ ಗುಂಡೊಂದು ಮಹಾರುದ್ರಪ್ಪನ ತೊಡೆ ಹರಿಯಿತು. ಬೂಟಿನ ತುಂಬ ರಕ್ತ. ಅಷ್ಟರಲ್ಲಿ ಹೊಗೆ ಸರಿದು ನೋಡಿದರೆ, ಉರಿಯುವ ಟ್ಯಾಂಕುಗಳ ನಡುವೆ ನುಗ್ಗುತ್ತಿದ್ದವರು ನಮ್ಮವರೇ! ಗುಂಡು ನಿಲ್ಲಿಸಬೇಕಿತ್ತು. ಓಣಿಯಲ್ಲಿ ಹೊಡೆದಾಟ ಬಿಡಿಸುವಾಗ ಕೂಗುವ ಮಾತೇ ಬಾಯಿಗೆ ಬಂತು.

“ಬಿಡ್ರಿ! ಬಿಡ್ರಿ!”

“ಬಿಟ್ಟೇವ್ರಿ!”

ಆರು ತೋಪು ಒಟ್ಟಿಗೇ ಗುಡುಗಿದವು. ನಮ್ಮ ಒಂಬತ್ತು ಜನರ ಕೈಕಾಲು ಮಣ್ಣಿನ ಜೊತೆ ಮೇಲೆ ಹಾರಿದ್ದನ್ನು ಮಹಾರುದ್ರಪ್ಪ ಕಣ್ಣಾರೆ ಕಂಡ.

ವಿಚಾರಣೆಗೆ ಕೂತವರಲ್ಲಿ ಕನ್ನಡ ಬಲ್ಲವರಿರಲಿಲ್ಲ. ‘ಬಿಡ್ರಿ’ ಅಂದರೇನು ಎಂದು ಕೇಳಿದರು. “ನಿಲ್ಲಿಸಿ ಎಂದರ್ಥ,” ಎಂದ ಮಹಾರುದ್ರಪ್ಪ. ಸುಳ್ಳಲ್ಲ, ಅರ್ಧ ನಿಜ. ಹೇಡಿತನಕ್ಕೆ ಅಷ್ಟು ಸಾಕು. ಮುಂಜಾನೆಯಿಂದ ಅದೇ ಮಾತಿಗೆ ಗುಂಡು ಹಾರಿಸಿದ್ದನ್ನು ಅವನು ಹೇಳಲಿಲ್ಲ. ಮಚ್ಚೇಂದ್ರ ಹೇಳಿದ್ದನ್ನು ಯಾರೂ ನಂಬಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಚ್ಚೇಂದ್ರನನ್ನು ಫೌಜಿನಿಂದ ತೆಗೆದರು. ಮಹಾರುದ್ರಪ್ಪನ ಎದೆಗೆ ಪದಕ ಬಂತು, ಬಡ್ತಿಯ ಮೇಲೆ ಬಡ್ತಿ ಬಂತು, 1986ರಲ್ಲಿ ಜನರಲ್ ಆದ.

ಬಸವಕಲ್ಯಾಣದವರು ಕರೆದು ಸನ್ಮಾನ ಮಾಡಿದರು. ಯಾರೋ ಭಾಷಣದಲ್ಲಿ ಆ ಏಳು ಟ್ಯಾಂಕುಗಳ ಹೆಸರೆತ್ತಿದಾಗ ಜನರಲ್ ಸಾಹೇಬನಿಗೆ ಕೊರಳ ಹಾರ ಉರುಳಾಯಿತು. ಆ ರಾತ್ರಿ ಕೂತು ಕಾಗದ ಬರೆದ. ಮರುದಿನ ಮನ್ನಾಏಖೇಳ್ಳಿಯ ಬಸ್ ಸ್ಟ್ಯಾಂಡಿಗೆ ಹೋದ. ಅಲ್ಲಿ ಮಚ್ಚೇಂದ್ರ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ.

“ತಪ್ಪು ನಂದು, ಮಚ್ಚೇಂದ್ರ. ಎಲ್ಲಾ ಖರೇ ಬರದೇನಿ. ದಿಲ್ಲಿಗೆ ಹೋಗೂ ಕಾಗದ. ಟಪಾಲ ಡಬ್ಬಿಗೆ ಬಿಡಲೇನು?”

ಮಚ್ಚೇಂದ್ರ ತಲೆಯೆತ್ತಲಿಲ್ಲ. “ಬಿಡ್ರಿ ಸಾಹೇಬ್ರ.”

“ಯಾವ ಬಿಡ್ರಿ?”

“ಅವತ್ತ ನಾನೂ ಹಂಗ ಕೇಳಬೇಕಿತ್ರಿ. ಒಂಬತ್ ಮಂದಿ ಉಳೀತಿದ್ರು.”

ಜನರಲ್ ಕುಂಟುತ್ತ ರಸ್ತೆ ದಾಟಿ ಕಾಗದವನ್ನು ಕೆಂಪು ಡಬ್ಬಿಯೊಳಗೆ ಬಿಟ್ಟ.