ನೀರಿಗೆ ಹೆದರದ ಫೋನು

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಶಿವಾಜಿನಗರದ ಒಂದು ಕನ್ನಡ ಪತ್ರಿಕೆಯ ಕಚೇರಿಯಲ್ಲಿ ಬಳಕೆದಾರರ ಪುಟ ನೋಡಿಕೊಳ್ಳುತ್ತಿದ್ದೆ. ಮಾರುಕಟ್ಟೆಗೆ ಬಂದ ಹೊಸ ಸಾಮಾನನ್ನು ಒಂದು ತಿಂಗಳು ನಿಜವಾದ ಮನೆಯೊಂದರಲ್ಲಿ ಇಟ್ಟು, ಅಲ್ಲಿಯವರು ಹೇಗೆ ಬಳಸಿದರೆಂದು ಬರೆಯುವುದು ನಮ್ಮ ಕ್ರಮ. ವಾರಕ್ಕೊಮ್ಮೆ ಹೋಗಬೇಕು, ನೋಡಬೇಕು, ಸಲಹೆ ಕೊಡಬಾರದು.

ಆ ಸಲ ಬಂದದ್ದು ವಾಟರ್‌ಪ್ರೂಫ್ ಕಾರ್ಡ್‌ಲೆಸ್ ಫೋನು. ಗೋಡೆಯ ಲೈನಿಗೆ ಸೇರಿಸುವ ಬೇಸ್, ಮನೆಯಲ್ಲೆಲ್ಲ ಹಿಡಿದು ಓಡಾಡಬಹುದಾದ ಎರಡು ಹ್ಯಾಂಡ್‌ಸೆಟ್. ಹ್ಯಾಂಡ್‌ಸೆಟ್‌ಗಳ ಮೇಲೆ ಐಪಿ67 ಎಂದು ಬರೆದಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡುವುದಿಲ್ಲವೆಂದು ಅದರ ಅರ್ಥ. ಎರಡೂ ಹ್ಯಾಂಡ್‌ಸೆಟ್ ಇಂಟರ್‌ಕಾಮ್‌ನಂತೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದಿತ್ತು.

ಅದನ್ನು ರಾಮಮೂರ್ತಿ ನಗರದ ಗೌರಮ್ಮನ ಮನೆಗೆ ಕೊಟ್ಟೆ. ಹೆಸರು ಬದಲಿಸಿದ್ದೇನೆ. ಅರವತ್ತು ದಾಟಿದ ವಿಧವೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮನೆ, ಮಹಡಿಯಲ್ಲಿ ಮಗ ಸೊಸೆ, ಹಿತ್ತಲಿಗೆ ಅಂಟಿಕೊಂಡು ಬಾಡಿಗೆಯ ಸಾಲು ಕೋಣೆಗಳು. ದಿನವಿಡೀ ನೀರಿನ ಸಂಪಿನ ಹತ್ತಿರವೇ ಅವರ ಕೆಲಸ. ಎರಡು ಮೊಬೈಲ್ ಬಕೆಟ್ಟಿಗೆ ಬಿದ್ದು ಹಾಳಾಗಿದ್ದವು.

ಮೊದಲ ವಾರ ಹೋದಾಗ ಫೋನು ತಟ್ಟೆ ಸ್ಟ್ಯಾಂಡಿನಲ್ಲಿತ್ತು.

"ಪಾತ್ರೆ ಜೊತೆ ಅದನ್ನೂ ಉಜ್ಜಿ ಬೋರಲು ಹಾಕ್ಬಿಟ್ಟೆ ಮೇಡಂ. ನೀರಿಗೆ ಏನೂ ಆಗಲ್ಲ ಅಂದ್ರಲ್ಲ, ನೋಡೇಬಿಡೋಣ ಅಂತ."

ಫೋನು ಕೆಲಸ ಮಾಡುತ್ತಿತ್ತು. ಎರಡನೇ ಹ್ಯಾಂಡ್‌ಸೆಟ್ ಮಾತ್ರ ಡಬ್ಬಿಯಲ್ಲೇ ಇತ್ತು. "ಅದ್ಯಾರಿಗೆ ಬೇಕು? ಮಗಂಗೆ, ಸೊಸೆಗೆ ಅವರದೇ ಇದೆ" ಎಂದರು.

ನನ್ನನ್ನು ಹಾಲ್‌ನಲ್ಲಿ ಕೂರಿಸಿ ಪಿಂಗಾಣಿ ಕಪ್ಪಿನಲ್ಲಿ ಟೀ ಕೊಟ್ಟರು. ಹಿಂದಿನ ಕೋಣೆಯ ಬಾಡಿಗೆಯವಳು ರೇಣುಕಾ ಆಗಲೇ ಬಂದಳು. ರಾಯಚೂರು ಕಡೆಯವಳು, ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸ. ಅವಳಿಗೂ ಟೀ ಸಿಕ್ಕಿತು, ಜಗಲಿಯ ಮೇಲೆ, ಅಲ್ಲೇ ಮೂಲೆಯಲ್ಲಿ ಬೋರಲಾಗಿದ್ದ ಸ್ಟೀಲ್ ಲೋಟದಲ್ಲಿ. ಕುಡಿದಳು, ತಾನೇ ತೊಳೆದಳು, ಮತ್ತೆ ಅದೇ ಮೂಲೆಯಲ್ಲಿ ಬೋರಲು ಹಾಕಿ ಹೋದಳು.

"ಒಳ್ಳೆ ಹುಡುಗಿ" ಎಂದರು ಗೌರಮ್ಮ. "ಆದ್ರೂ ಬಾಡಿಗೆಯವ್ರನ್ನ ಒಳಗೆ ಸೇರಿಸ್ಬಾರ್ದು. ಅವರ ಜನ ಬೇರೆ, ನಮ್ಮ ಪದ್ಧತಿ ಬೇರೆ."

ಅದು ಫೋನಿಗೆ ಸಂಬಂಧಪಟ್ಟ ವಿಷಯವಲ್ಲ. ನಾನು ಬರೆದುಕೊಳ್ಳಲಿಲ್ಲ.

ಮೂರನೇ ವಾರ ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ನನ್ನ ಮೊಬೈಲಿಗೆ ಗೌರಮ್ಮನ ಕರೆ ಬಂತು. ಹಿಂದೆ ನಲ್ಲಿ ಸುರಿಯುವ ಸದ್ದು.

"ಮೇಡಂ, ನೀವು ಒಬ್ರೇ ಬರ್ತೀರಾ? ಯಾರಿಗೂ ಹೇಳ್ಬೇಡಿ."

ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದರು. ಮೈಮೇಲೆ ಬಟ್ಟೆಯಿರಲಿಲ್ಲ, ಬಲಗಾಲು ಅಲುಗಾಡುತ್ತಿರಲಿಲ್ಲ, ನಲ್ಲಿ ಕೈಗೆ ಎಟುಕುತ್ತಿರಲಿಲ್ಲ. ತಣ್ಣೀರು ಬೆನ್ನಿನ ಮೇಲೇ ಬೀಳುತ್ತಿತ್ತು. ಕೈಗೆ ಸಿಕ್ಕಿದ್ದು ಫೋನೊಂದೇ.

"ಮಗನಿಗೆ ಮಾಡಿದ್ರಾ?"

"ಸೊಸೇನ ಕರ್ಕೊಂಡು ಮಾಲೂರಿಗೆ ಮದುವೆಗೆ ಹೋಗಿದಾನೆ. ಇದ್ದಿದ್ರೂ ಅವನು ನನ್ನ ಹೀಗೆ ನೋಡೋದಾ? ನೀವಾದ್ರೆ ಹೆಂಗಸ್ರು, ಹೊರಗಿನವ್ರು. ನೋಡಿ ಮರ್ತು ಹೋಗ್ತೀರ."

ಶಿವಾಜಿನಗರದಿಂದ ಹೊರಟು ಟಿನ್ ಫ್ಯಾಕ್ಟರಿ ದಾಟಿ ಅಲ್ಲಿಗೆ ಹೋಗಲು ಒಂದು ಗಂಟೆ ಬೇಕು. ಹಾಗೆಂದೇ ಹೇಳಿದೆ. "ರೇಣುಕಾ ಇಲ್ವಾ?"

ಗೌರಮ್ಮ ದನಿ ತಗ್ಗಿಸಿದರು.

"ಇದಾಳೆ. ಕಿಟಕಿ ಆಚೆ ಅವಳು ಬಟ್ಟೆ ಒಗೆಯೋದು ಕೇಳಿಸ್ತಿದೆ."

ಕೂಗಿದರೆ ಕೇಳುವಷ್ಟು ದೂರ. ಆದರೂ ಆಕೆ ಕೂಗಿರಲಿಲ್ಲ. ಕೈಯಲ್ಲಿ ಫೋನಿದ್ದುದರಿಂದ ಒಂದು ಗಂಟೆ ದೂರದ ನನ್ನನ್ನು ಕರೆದಿದ್ದರು.

"ಕೂಗಿ ಗೌರಮ್ಮ."

"ಅವಳು ಬರ್ಬೇಕಂದ್ರೆ ಹಾಲ್ ದಾಟಿ, ದೇವರ ಮನೆ ಮುಂದೇನೇ ಬರ್ಬೇಕು. ಇಷ್ಟು ದಿನ ಹೊಸ್ತಿಲು ದಾಟಿಸಿಲ್ಲ, ಈಗ ಈ ಸ್ಥಿತೀಲಿ ಯಾವ ಮುಖ ಇಟ್ಕೊಂಡು ಕರೀಲಿ?" ಹಲ್ಲು ಕಟಕಟ ಅನ್ನುತ್ತಿದ್ದವು.

ಸಲಹೆ ಕೊಡಬಾರದೆಂಬ ಕ್ರಮವನ್ನು ಅಲ್ಲಿಗೆ ಬಿಟ್ಟೆ. "ನಾನು ಹೊರಟೆ. ಆದ್ರೆ ಅಲ್ಲೀವರೆಗೂ ತಣ್ಣೀರಲ್ಲಿ ಬಿದ್ದಿರಬಾರ್ದು. ಈಗ್ಲೇ ಕೂಗಿ. ನಾನು ಲೈನಲ್ಲೇ ಇರ್ತೀನಿ."

ಮೊಬೈಲು ಕಿವಿಗೆ ಹಿಡಿದೇ ಕೆಳಗಿಳಿದು ಆಟೋ ಹತ್ತಿದೆ. ಗೌರಮ್ಮ ಮೊದಲ ಸಲ ಕರೆದದ್ದು ನನಗೇ ಸರಿಯಾಗಿ ಕೇಳಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿ. ಮೂರನೆಯದು ಅಳುವಿನಂತಿತ್ತು. ಬಟ್ಟೆ ಬಡಿಯುವ ಸದ್ದು ನಿಂತಿತು.

"ಏನಾತ್ರಿ ಅಮ್ಮಾರ?"

"ಬಿದ್ಬಿಟ್ಟಿದೀನಿ ಕಣೆ."

"ಅಯ್ಯ ಯವ್ವಾ!" ಓಡುವ ಹೆಜ್ಜೆ ಕೇಳಿಸಿತು. ಆಮೇಲೆ, ಮನೆಯ ಮುಂಬಾಗಿಲಿನ ಕಡೆಯಿಂದ: "ಅಮ್ಮಾರ, ಒಳಗ ಬರ್ಲೇನ್ರಿ?"

ಬಾಗಿಲು ತೆರೆದೇ ಇತ್ತಂತೆ. ಬಿದ್ದು ಏಳಲಾರದವರ ಮನೆಯ ಬಾಗಿಲಲ್ಲಿ ನಿಂತು ಆ ಹೆಣ್ಣುಮಗಳು ಅಪ್ಪಣೆ ಕೇಳುತ್ತಿದ್ದಳು. ಅದನ್ನು ಕೇಳಿಸಿಕೊಂಡು, ಪಿಂಗಾಣಿ ಕಪ್ಪಿನಲ್ಲಿ ಟೀ ಕುಡಿದು ಬಂದವಳು ನಾನು, ಆಟೋದಲ್ಲಿ ಮುಖ ಕೆಳಗೆ ಹಾಕಿದೆ.

"ಬಾರಮ್ಮಾ, ಚಿಲಕ ಹಾಕಿಲ್ಲ" ಎಂದರು ಗೌರಮ್ಮ. ಹಾಗೆ ಅವಳನ್ನು 'ಅಮ್ಮಾ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಲ್ಲಿ ನಿಂತಿತು. ಈಗ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಕಣ್ಣು ಮುಚ್ಚೀನ್ರಿ ಅಮ್ಮಾರ, ಏನೂ ನೋಡಂಗಿಲ್ಲ. ಸೀರಿ ಹೊಚ್ಚತೀನಿ."

"ಕಣ್ಣು ಮುಚ್ಕೊಂಡು ನೀನೂ ಜಾರಿ ನನ್ನ ಮೇಲೇ ಬಿದ್ದೀಯ. ತೆಗಿಯೇ ಕಣ್ಣು."

ರೇಣುಕಾ ನಕ್ಕುಬಿಟ್ಟಳು. ಗೌರಮ್ಮನೂ ನಗಲು ಹೋಗಿ ನೋವಿಗೆ ನರಳಿದರು. ಅಷ್ಟರಲ್ಲಿ ಲೈನಿನಲ್ಲಿ ನಾನಿರುವುದು ನೆನಪಾಗಿರಬೇಕು. "ಮೇಡಂ, ಫೋನ್ ಇಟ್ಬಿಡಿ" ಎಂದರು. ಇಟ್ಟೆ.

ನಾನು ತಲುಪುವಷ್ಟರಲ್ಲಿ ರೇಣುಕಾಳ ಗಂಡ ತನ್ನ ಆಟೋದಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಿದ್ದ. ನಾನೂ ಅಲ್ಲಿಗೇ ಹೋದೆ. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಇನ್ನಷ್ಟು ಹೊತ್ತು ತಣ್ಣೀರಲ್ಲಿದ್ದಿದ್ದರೆ ಮೂಳೆಗಿಂತ ದೊಡ್ಡ ತೊಂದರೆಯಾಗುತ್ತಿತ್ತು ಎಂದರು ವೈದ್ಯರು.

"ಇದನ್ನ ಪೇಪರಲ್ಲಿ ಹಾಕ್ಬೇಡಿ" ಎಂದರು ಗೌರಮ್ಮ. ಹಾಕಲಿಲ್ಲ. ಫೋನು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಧ್ವನಿ ಸ್ಪಷ್ಟ, ರೇಂಜು ಸಂಪಿನವರೆಗೂ ಸಾಕು ಎಂದು ಅಚ್ಚಾಯಿತು. ಎಲ್ಲವೂ ನಿಜ. ಈಗ ಬರೆಯುತ್ತಿರುವುದು ಅವರೇ ಒಪ್ಪಿದ ಮೇಲೆ.

ಅವರು ಮನೆಗೆ ಬಂದ ಮೇಲೆ ಒಮ್ಮೆ ಫೋನನ್ನು ವಾಪಸು ತರಲು ಹೋದೆ. ಗೌರಮ್ಮ ವಾಕರ್ ಹಿಡಿದು ಹಾಲ್‌ನಲ್ಲಿ ಕೂತಿದ್ದರು. ಎರಡನೇ ಹ್ಯಾಂಡ್‌ಸೆಟ್‌ನ ಡಬ್ಬಿ ಖಾಲಿಯಾಗಿತ್ತು.

"ಅದು ರೇಣುಕಾ ಹತ್ರ ಇದೆ. ಇದಕ್ಕೆ ಎಷ್ಟಾಗುತ್ತೋ ಹೇಳಿ, ನಾನೇ ತಗೋತೀನಿ." ಇಂಟರ್‌ಕಾಮ್ ಒತ್ತಿದರು. "ರೇಣುಕಾ, ಟೀ ಆಗಿದೆ. ಒಳಗೇ ಬಾ."

ಅವಳು ಬಂದು ಹೊಸ್ತಿಲ ಆಚೆ ನಿಂತಳು.

"ಒಳಗೆ ಬಾ ಅಂದ್ನಲ್ಲೇ."

"ಇರ್ಲಿ ಬಿಡ್ರಿ ಅಮ್ಮಾರ, ಇಲ್ಲೇ ಗಾಳಿ ಚೊಲೋ ಐತಿ."

ಗೌರಮ್ಮ ಪಿಂಗಾಣಿ ಕಪ್ಪನ್ನು ನನ್ನ ಕೈಯಲ್ಲಿ ಕೊಟ್ಟು ಅವಳಿಗೆ ಕಳಿಸಿದರು.

ಒಂದು ಸಾಧನವನ್ನು ಪರೀಕ್ಷಿಸುವಾಗ ನಾವು ನೀರು, ದೂರ, ಬ್ಯಾಟರಿ ಎಲ್ಲ ನೋಡುತ್ತೇವೆ. ಕಷ್ಟ ಬಂದಾಗ ಈ ಮನೆಯವರು ಯಾರನ್ನು ಕರೆಯಲಾರರು ಎಂದು ಕೇಳುವುದಿಲ್ಲ. ಆಮೇಲೆ ನಾನು ಯಾವ ಮನೆಗೆ ಏನು ಕೊಟ್ಟರೂ ಮೊದಲು ಅದನ್ನೇ ಕೇಳಿದೆ.

ರೇಣುಕಾ ಟೀ ಕುಡಿದು ಮುಗಿಸಿದಳು. ಕಪ್ಪನ್ನು ನಲ್ಲಿಯಲ್ಲಿ ತೊಳೆದು, ಜಗಲಿಯ ಮೂಲೆಯಲ್ಲಿ, ಆ ಸ್ಟೀಲ್ ಲೋಟದ ಪಕ್ಕದಲ್ಲೇ ಬೋರಲು ಹಾಕಿದಳು. ಗೌರಮ್ಮ ನೋಡಿದರು. ಕೈಯಲ್ಲಿದ್ದ ಫೋನನ್ನು ಸೆರಗಿನಿಂದ ಒರೆಸುತ್ತ ಕೂತರು.