ಒಂದು ಚಕ್ರ ಕಮ್ಮಿಯಾದ ಉಡುಗೊರೆ

ಹುಡುಗನಾಗಿದ್ದಾಗ ನಾನು ಶಿರಾದಲ್ಲಿ ಗಫೂರ್ ಸಾಬರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಹಾಯಕ. ಸಹಾಯಕ ಎಂದರೆ ಧೂಳು ಒರೆಸುವುದು, ಗಡಿಯಾರಗಳಿಗೆ ಕೀಲಿ ಕೊಡುವುದು, ಯಾರೂ ಕೇಳದಿದ್ದರೂ ಊರವರ ದನಿ ಅನುಕರಿಸಿ ನಗಿಸುವುದು. ಸಾಬರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆನೆಂದರೆ, ಒಳಗಿನಿಂದ ಅವರ ಬೇಗಂ ಕಷಾಯ ಕಳಿಸುತ್ತಿದ್ದರು. ಆದರೆ ಎರಡು ವರ್ಷವಾದರೂ ಸಾಬರು ತಮ್ಮ ಸಣ್ಣ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ.

ಒಂದು ಸಂತೆಯ ದಿನ ಮದಲೂರಿನ ಬಸಪ್ಪನವರು ಒಂಬತ್ತು ವರ್ಷದ ಮಗಳು ಪಾರ್ವತಿಯನ್ನು ಕರೆತಂದರು.

"ಇವ್ಳಿಗೆ ಮಿಸೀನಿನ ಹುಚ್ಚು ಕಣ್ರೀ ಸಾಬ್ರೆ. ಹೊಲಿಗೆ ಮಿಸೀನು ಬಿಚ್ಚಾಕ್ಬುಟ್ಟವ್ಳೆ. ಕೀಲಿ ಕೊಟ್ರೆ ಕುಣಿಯೋ ಗೊಂಬೆ ಇದ್ರೆ ಕೊಡಿ."

ಸಾಬರು ಕೊಟ್ಟ ಗೊಂಬೆಯನ್ನು ಪಾರ್ವತಿ ತಲೆಕೆಳಗು ಮಾಡಿ ನೋಡಿದಳು. "ಇದ್ನ ಬಿಚ್ಚಕ್ಕೆ ಬರಲ್ಲ. ಬ್ಯಾಡ."

ಸಾಬರು ನಕ್ಕು, ನಿಂತುಹೋಗಿದ್ದ ಅಲಾರಂ ಗಡಿಯಾರವೊಂದನ್ನೂ ಆ ಸ್ಕ್ರೂಡ್ರೈವರನ್ನೂ ಅವಳ ಕೈಗಿಟ್ಟರು. ಬಿಚ್ಚಿದವಳೇ ಒಂದು ಚಕ್ರದ ಹಲ್ಲಿಗೆ ಸಿಕ್ಕಿದ್ದ ದಾರದ ಎಳೆಯನ್ನು ಹೊರಗೆಳೆದಳು.

"ಶಾಬಾಷ್ ಬೇಟಿ!"

ಆ ಶಾಬಾಷನ್ನು ಎರಡು ವರ್ಷದಿಂದ ಸಾಬರ ದನಿಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳಿಗೆ ಮೊದಲ ದಿನವೇ ಸಿಕ್ಕಿಬಿಟ್ಟಿತು.

ಆ ಗಡಿಯಾರವೇ ಉಡುಗೊರೆಯೆಂದು ತೀರ್ಮಾನವಾಯಿತು. "ಬಿಚ್ಚಿದ ಹಾಗೇ ಕಟ್ಟಿಕೊಡು, ಅವಳೇ ಜೋಡಿಸಲಿ" ಎಂದು ಸಾಬರು ನಮಾಜಿಗೆ ಹೋದರು. ಪೊಟ್ಟಣ ಕಟ್ಟುವಾಗ ನಾನು ಎಸ್ಕೇಪ್ ವೀಲನ್ನು ಜೇಬಿಗಿಳಿಸಿದೆ. ಸ್ಪ್ರಿಂಗಿನ ಬಲವನ್ನು ತಡೆತಡೆದು ಬಿಡುವ ಚಕ್ರವದು. ಅದಿಲ್ಲದಿದ್ದರೆ ಕೊಟ್ಟ ಕೀಲಿಯೆಲ್ಲ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಅವಳು ಅಳುತ್ತ ಬರಬೇಕು, ನಾನು ಸರಿಮಾಡಿ ಮೆರೆಯಬೇಕು. ಸ್ಕ್ರೂಡ್ರೈವರ್ ಮುಟ್ಟದವನ ಯೋಜನೆ ನೋಡಿ!

ಮುಂದಿನ ಸಂತೆಗೆ ಅವಳು ಅಪ್ಪನ ಜೊತೆ ಬಂದಳು. ಅಳುತ್ತಿರಲಿಲ್ಲ.

"ತಾತ, ಕೀಲಿ ಕೊಟ್ರೆ ಗಿರ್ರ್ ಅಂದ್ಬುಟ್ಟು ನಿಂತೋಯ್ತದೆ. ಇಲ್ಲೊಂದು ತೂತು, ಎದುರಿಗೊಂದು ತೂತು, ಕೂರೋ ಚಕ್ರ ಇಲ್ಲ. ನಾನು ದಾರ ತೆಗೆದ್ನಲ್ಲ, ಅದೇ ಇಲ್ಲ. ಕಟ್ಕೊಟ್ಟಿದ್ದು ಈ ಅಣ್ಣ."

ಸಾಬರು ನನ್ನತ್ತ ತಿರುಗಿದರು. ಇಡೀ ಶಿರಾದ ದನಿಗಳು ನನ್ನ ಗಂಟಲಲ್ಲಿದ್ದವು. ಒಂದೂ ನೆರವಿಗೆ ಬರಲಿಲ್ಲ. ಜೇಬಿನಿಂದ ಚಕ್ರ ತೆಗೆದು ಮೇಜಿನ ಮೇಲಿಟ್ಟೆ.

ಅವರು ಬೈಯಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, "ತೆಗೆದವನೇ ಕೂರಿಸು ಬೇಟಾ" ಎಂದರು.

ಕೊನೆಗೂ ಸಿಕ್ಕಿತು! ಎರಡು ಸ್ಕ್ರೂ ನೆಲಕ್ಕೆ ಬಿದ್ದವು. ಚಕ್ರ ಮೂರು ಸಲ ಜಾರಿತು. ಬಸಪ್ಪನವರು ಮೀಸೆಯಡಿ ನಗುತ್ತಿದ್ದರು. ಪಾರ್ವತಿ ಹತ್ತಿರ ಬಂದು ಬಗ್ಗಿ ನೋಡಿದಳು.

"ಅಂಗಲ್ಲ ಕಣಣ್ಣ, ಹಲ್ಲು ಮುರ್ದಾಕ್ಬುಡ್ತೀಯ. ಮೊದ್ಲು ಕೆಳಗಿನ ತೂತಿಗೆ ಕೂರ್ಸು. ಉಸ್ರು ಬುಡು. ಈಗ ಮ್ಯಾಲಿಂದು."

ಕೂತಿತು. ನನ್ನ ಮೊದಲ ರಿಪೇರಿಯ ಗುರು ಮದಲೂರಿನ ಪಾರ್ವತಿ.

ಈಗ ಪಾವಗಡದಲ್ಲಿ ನನ್ನದೇ ಅಂಗಡಿಯಿದೆ. ಯಂತ್ರದ ಹುಚ್ಚಿರುವ ಮಕ್ಕಳಿಗೆ ಏನು ಕೊಡಲೆಂದು ಕೇಳುವವರಿಗೆ, ಬಿಚ್ಚಿ ಜೋಡಿಸಲು ಬರುವಂಥದ್ದನ್ನು ಕೊಡಿ ಎನ್ನುತ್ತೇನೆ. ಅಂಥ ಮಕ್ಕಳು ಬಂದಾಗ ಇವತ್ತಿಗೂ ಹೊಟ್ಟೆ ಸ್ವಲ್ಪ ಉರಿಯುತ್ತದೆ. ಅದಕ್ಕೆ ಔಷಧಿ ಸಿಕ್ಕಿಲ್ಲ. ವೃತ್ತಿ ಕಲಿಸಿದ್ದು ಇಷ್ಟೇ: ಉರಿಯುವಾಗ ಪೊಟ್ಟಣವನ್ನು ಬೇರೆಯವರ ಕೈಯಲ್ಲಿ ಕಟ್ಟಿಸಬೇಕು.