ಹಾಜಿರಾಬಿಯವರ ಮನೆ ಮಾರಾಟವಾಗದೆ ಉಳಿದದ್ದು

ಹಾಜಿರಾಬಿಯವರ ಮನೆಯಲ್ಲಿ ಯಾರೂ ಉರುಲು ಹಾಕಿಕೊಂಡಿರಲಿಲ್ಲ. ಆ ಮಾತನ್ನು ಹುಟ್ಟಿಸಿದವಳು ನಾನು. ಸವಣೂರಿನಲ್ಲಿ ಅದನ್ನು ಇಂದಿಗೂ ನಂಬುವವರಿದ್ದಾರೆ — ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ.

ಮದುವೆಯಾದ ಮೇಲೆ ನಾವು ಬಂಕಾಪುರದಲ್ಲಿ ಬಾಡಿಗೆಗಿದ್ದೆವು. ನಮ್ಮವರು ಪಂಪ್‌ಸೆಟ್ ರಿಪೇರಿ ಮಾಡುವವರು. ಶಿಗ್ಗಾವಿಯಾಗಲಿ ಸವಣೂರಾಗಲಿ, ಎಲ್ಲಿದ್ದರೂ ಕೆಲಸಕ್ಕೆ ಕೊರತೆಯಿಲ್ಲ. ಸ್ವಂತ ಮನೆ ಕೊಳ್ಳೋಣವೆಂದಾಗ ಹಿರೇಬೆಂಡಿಗೇರಿಯಿಂದ ಅತ್ತೆ-ಮಾವ ಬಂದರು. ದೊಡ್ಡವರಿಲ್ಲದೆ ಮನೆ ನೋಡುವುದುಂಟೆ? ಮಾವ ಯಾವ ಮನೆಗೆ ಹೋದರೂ ಕಟ್ಟೆಯ ಮೇಲೆ ಕುಳಿತು ಎಲೆ-ಅಡಿಕೆ ಹಾಕಿಕೊಂಡು "ಚೊಲೋ ಐತಿ" ಎನ್ನುತ್ತಿದ್ದರು. ತಪ್ಪು ಹುಡುಕುವ ಕೆಲಸ ಅತ್ತೆಯದು. ಅವರದೊಂದು ಕ್ರಮವೂ ಇತ್ತು: ಮನೆ ಮನಸ್ಸಿಗೆ ಬಂದರೆ, ನೀರು ಕೇಳುವ ನೆಪದಲ್ಲಿ ನನ್ನನ್ನು ಪಕ್ಕದ ಮನೆಗೆ ಕಳಿಸುವುದು. ಒಳಗೆ ಕೆಟ್ಟ ಸಾವು ಆಗಿದೆಯೇ ಎಂದು ತಿಳಿಯಬೇಕಲ್ಲ. ಮಾರುವವರು ಅದನ್ನು ಹೇಳುವುದಿಲ್ಲ, ನೆರೆಯವರು ಮುಚ್ಚಿಡುವುದಿಲ್ಲ ಎಂಬುದು ಅವರ ನಂಬಿಕೆ.

ಸವಣೂರಿನಲ್ಲಿ ನೋಡಿದ ಮನೆ ಹಾಜಿರಾಬಿಯವರದು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಹಾನಗಲ್ಲಿನಲ್ಲಿ. ಇದನ್ನು ಮಾರಿ ಮಗಳ ಓಣಿಯಲ್ಲೇ ಚಿಕ್ಕದೊಂದು ಮನೆ ಕೊಳ್ಳುವ ಆಸೆ ಅವರಿಗೆ. ನಮಗೆ ಚಹಾ ಕೊಟ್ಟು, ಒಂದೊಂದೇ ಬಾಗಿಲು ತೆರೆದು ತೋರಿಸಿದರು. ನನಗೂ ಮನೆ ಹಿಡಿಸಿತ್ತು — ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ಮುಂಬಾಗಿಲ ಪಕ್ಕದ ಕೋಣೆಗೆ ಕಾಲಿಟ್ಟ ಅತ್ತೆ ತಮ್ಮ ನೋಯುವ ಮೊಣಕಾಲು ಹಿಡಿದು ನಿಂತು ಮಾವನನ್ನು ಕರೆದರು.

"ಇಲ್ನೋಡ್ರಿ, ಮೆಟ್ಟಲಾ ಇಲ್ಲ, ಏನಿಲ್ಲ. ಈ ಖೋಲಿ ನಮಗಿರಲಿ. ಸುಗ್ಗಿ ಮುಗೀಲಿ, ಬಂದು ಇದ್ದಬಿಡೂಣು."

ಎಷ್ಟು ಖುಷಿಯಿಂದ ಹೇಳಿದರು! ನನಗೆ ಮಾತ್ರ ಅದು ಬೇಡವಾಗಿತ್ತು. ಅತ್ತೆ ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಕೆಟ್ಟವರಲ್ಲ. ನನಗೆ ನನ್ನದೇ ಒಂದು ಒಲೆ, ಯಾರೂ ಕೇಳದ ನನ್ನದೇ ಒಂದು ಹೊತ್ತು ಬೇಕಿತ್ತು — ಅದನ್ನು ಬಾಯಿಬಿಟ್ಟು ಹೇಳುವ ಎದೆ ಇರಲಿಲ್ಲ.

ಎಂದಿನಂತೆ ಅತ್ತೆ ನನ್ನನ್ನು ನೀರಿಗೆ ಕಳಿಸಿದರು. ಪಕ್ಕದ ಮನೆಯಾಕೆ ತಂಬಿಗೆ ತುಂಬ ನೀರು ಕೊಟ್ಟಳು. "ಭಾಳ ಚೊಲೋ ಮಂದಿರಿ. ಆಕಿ ಗಂಡ, ಸಾಹೇಬ್ರು, ದಮ್ಮಿನ ಜಡ್ಡಿನಾಗ ಹೋದ್ರು. ಓಣಿಗೆ ಓಣೀನ ಮಣ್ಣಿಗೆ ಹೋಗಿತ್ತು" ಎಂದಳು.

ನಾನು ಆ ನೀರು ಕುಡಿದೆ. ಮರಳಿ ಬಂದು ಅತ್ತೆಯನ್ನು ಬೀದಿಗೆ ಕರೆದು ಹೇಳಿದೆ: "ಬ್ಯಾಡ್ರಿ ಅತ್ತಿ. ಆ ಖೋಲ್ಯಾಗ ಯಾರೋ ಉರ್ಲ ಹಾಕ್ಕೊಂಡಾರಂತ."

ಅತ್ತೆ ಒಳಗಿದ್ದ ತಮ್ಮ ಚೀಲ ತರಲೂ ಹೋಗಲಿಲ್ಲ, ಮಾವ ತಂದರು. ಹಾಜಿರಾಬಿ ಬಾಗಿಲಿಗೆ ಬಂದು "ಯಾಕ್ರಿ, ಏನಾತ್ರಿ?" ಎಂದು ಕೇಳುತ್ತಲೇ ಇದ್ದರು. ನಾವು ತಿರುಗಿ ನೋಡದೆ ನಡೆದುಬಿಟ್ಟೆವು.

ಕೊನೆಗೆ ಶಿಗ್ಗಾವಿಯಲ್ಲಿ ಕೊಂಡೆವು — ಕೆಳಗೆ ಪಂಪಿನ ಕೆಲಸ, ಮೇಲೆ ವಾಸ, ನಡುವೆ ಕಡಿದಾದ ಮೆಟ್ಟಿಲು. ಅತ್ತೆ ಹಬ್ಬಕ್ಕೊಮ್ಮೆ ಗೋಡೆ ಹಿಡಿದು ಹತ್ತಿ ಬಂದು, ಮರುದಿನ ಇಳಿದು ಹೋಗುತ್ತಿದ್ದರು. ನಾನು ಬಯಸಿದ್ದೇ ಆಯಿತು.

ಸುಳ್ಳು ಅಲ್ಲಿಗೇ ನಿಂತಿದ್ದರೆ — ನಿಲ್ಲಲಿಲ್ಲ. ಅತ್ತೆಗೆ ನನ್ನ ಮೇಲೆ ಅಭಿಮಾನ ಹೆಚ್ಚಿತು. ಮನೆ ಹುಡುಕುವವರು ಯಾರೇ ಸಿಗಲಿ, "ನಮ್ಮ ಸೊಸಿ ಭಾಳ ಹುಷಾರ" ಎಂದು ಶುರು ಮಾಡಿ, ಸವಣೂರಿನ ಆ ಮನೆಯ ಗುರುತು ಹೇಳಿ ಕಥೆ ಮುಗಿಸುತ್ತಿದ್ದರು. ಸಂತೆಯಲ್ಲಿ, ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ. ನಾನು ಪಕ್ಕದಲ್ಲೇ ಕುಳಿತು ತಲೆಯಾಡಿಸಿದ್ದೂ ಇದೆ.

ಹೋದ ವರ್ಷ ಹಿರೇಕೆರೂರಿನ ಒಂದು ಮದುವೆಯಲ್ಲಿ ಸವಣೂರಿನ ಹೆಂಗಸೊಬ್ಬಳು ಅದೇ ಕಥೆಯನ್ನು ನನಗೇ ಹೇಳಿದಳು. "ಹಾಜಿರಾಬಿ ಮನಿ ಯಾರೂ ತೊಗೊಳ್ಳೂದಿಲ್ರಿ. ಆಕಿ ಗಂಡ ಉರ್ಲ ಹಾಕ್ಕೊಂಡಿದ್ನಂತ. ದಮ್ಮು ಅಂತ ಹೇಳಿ ಮುಚ್ಚಿಟ್ಟಾರ."

ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಜನ ಹೆಸರನ್ನು ತಾವೇ ಹುಡುಕಿಕೊಂಡಿದ್ದರು. ಹಾಜಿರಾಬಿ ಆಣೆ ಮಾಡಿ ಅಲ್ಲವೆನ್ನುತ್ತಾರಂತೆ. ಆಣೆ ಮಾಡಿದಷ್ಟೂ ಸಂಶಯ ಹೆಚ್ಚುತ್ತದಂತೆ. ಅವರು ಹಾನಗಲ್ಲಿಗೆ, ಮಗಳ ಬಳಿಗೆ, ಹೋಗುವುದು ಹಾಗೇ ಉಳಿಯಿತು. ತಾನಾಗಿ ಪ್ರಾಣ ಕಳೆದುಕೊಳ್ಳುವುದು ಅವರ ಧರ್ಮದಲ್ಲಿ ಎಂಥ ಪಾಪವೆಂದು ನನಗೆ ಗೊತ್ತಿತ್ತು. ಆ ಪಾಪವನ್ನು ನಾನು ಮಣ್ಣಾದ ಮನುಷ್ಯನ ಮೇಲೆ ಹೊರಿಸಿದ್ದೆ. ಇಷ್ಟು ತಿಳಿದ ಮೇಲೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಅದಕ್ಕೆ ಯಾವ ಕಾರಣವನ್ನೂ ಕೊಡಲಾರೆ.

ಮೊನ್ನೆ ಅತ್ತೆಯ ತಂಗಿಯ ಮಗ ಮನೆ ನೋಡಲು ಹೊರಟಿದ್ದ. ಅತ್ತೆ ಫೋನ್ ಮಾಡಿ, "ನೀನೂ ಜೋಡಿ ಹೋಗವಾ, ನಿನಗ ಕೇಳಾಕ ಬರ್ತೈತಿ" ಎಂದರು. ಆಗ ಎಲ್ಲವನ್ನೂ ಹೇಳಿಬಿಟ್ಟೆ.

"ನಾವು ಬರೂದು ಬ್ಯಾಡಾಗಿದ್ರ ನಮಗ ಹೇಳಬೇಕಿತ್ತು, ಬರ್ತಿದ್ದಿಲ್ಲ. ಆ ಮನಷ್ಯಾನ್ನ ಯಾಕ ಉರ್ಲಿಗೆ ಹಾಕಿದಿ?" ಎಂದರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನೊಬ್ಬಳೇ ಸವಣೂರಿಗೆ ಹೋದೆ. ಹಾಜಿರಾಬಿ ನನ್ನ ಗುರುತು ಹಿಡಿದರು. ಕಾಲು ಹಿಡಿಯಲು ಬಗ್ಗಿದರೆ ಹಿಂದೆ ಸರಿದರು. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡು, ತಣ್ಣಗೆ ಹೇಳಿದರು:

"ನನಗ್ಯಾಕ ಹೇಳಾಕತ್ತಿ? ಅವರು ಹೋಗೂವಾಗ ತಲಿ ನನ್ನ ತೊಡಿ ಮ್ಯಾಲಿತ್ತು. ನನಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಹೋಗಿ ಹೇಳು."

ಅಂದೇ ಆ ಓಣಿಯ ಬಾಗಿಲು ಬಾಗಿಲಿಗೆ ಹೋಗಿ ಹೇಳಿದೆ. ಕೆಲವರು ಸುಮ್ಮನೆ ಕೇಳಿದರು. ಒಬ್ಬಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮನಿ ಮಾರಾಕ ಆಕೀನ ನಿನ್ನ ಕಳಿಸ್ಯಾಳೇನು?" ಎಂದಳು. ಅವಳ ಹಿಂದೆ ನಿಂತವರು ನಕ್ಕರು. ಹಾಜಿರಾಬಿ ತಮ್ಮ ಬಾಗಿಲಿನಿಂದ ಅದನ್ನು ಕೇಳಿಸಿಕೊಂಡು ಒಳಗೆ ಹೋದರು.

ನಾಳೆ ಮತ್ತೆ ಹೋಗುತ್ತೇನೆ. ಆ ಹೆಂಗಸಿನ ಬಾಗಿಲಿಗೇ ಮೊದಲು.